ಮಟಮಟ ಮಧ್ಯಾಹ್ನದ ರೋಡಿಯೋ: ಟೋಪಿಯ ನೆರಳಿನ ಬಗ್ಗೆ ಹುಷಾರು

ಜುಲೈನಲ್ಲಿ ಕೆನಡಾದ ಕ್ಯಾಲ್ಗರಿ ಸ್ಟಾಂಪೀಡ್ ಉತ್ಸವಕ್ಕೆ ಕ್ಯಾಮೆರಾ ಹೊತ್ತು ಹೋದ ಬಹಳ ಮಂದಿಯ ಕಾರ್ಡ್ ತುಂಬ ಒಂದೇ ಬಗೆಯ ಫೋಟೋ: ಗೂಳಿ ಚೆನ್ನಾಗಿದೆ, ಧೂಳು ಚೆನ್ನಾಗಿದೆ, ಸವಾರನಿಗೆ ಮಾತ್ರ ಮುಖವಿಲ್ಲ. ಟೋಪಿಯ ಕೆಳಗೆ ಬರೀ ಕಪ್ಪು.

ಅಲ್ಲಿ ರೋಡಿಯೋ, ಅಂದರೆ ಕುಪ್ಪಳಿಸುವ ಗೂಳಿ-ಕುದುರೆಗಳ ಮೇಲೆ ಬೀಳದೆ ಕೂರುವಂಥ ಸ್ಪರ್ಧೆಗಳು, ಶುರುವಾಗುವುದು ಮಧ್ಯಾಹ್ನ 1.30ಕ್ಕೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಊರಾದ್ದರಿಂದ ಸೂರ್ಯ ನೆತ್ತಿಯ ಕಡೆಗೆ ಏರುವುದೂ 1.40ರ ಸುಮಾರಿಗೇ, ಹೆಚ್ಚುಕಡಿಮೆ 60 ಡಿಗ್ರಿ. ಆಗ 10 ಸೆಂ.ಮೀ. ಅಂಚಿನ ಟೋಪಿಯ ನೆರಳು 17 ಸೆಂ.ಮೀ. ಕೆಳಗಿಳಿಯುತ್ತದೆ, ಅಂದರೆ ಹಣೆಯಿಂದ ಗದ್ದದವರೆಗೆ. ಬಿಸಿಲಿಗೆ ಬೆನ್ನು ಹಾಕಿ ನಿಂತರೂ ಇದು ತಪ್ಪುವುದಿಲ್ಲ. ಕಂಬಳ ತೆಗೆದು ಪಳಗಿದವರೂ ಇಲ್ಲಿ ಎಡವುತ್ತಾರೆ; ಕೋಣ ಓಡಿಸುವವನಿಗೆ ಈ ಟೋಪಿಯ ಕಾಟ ಇಲ್ಲವಲ್ಲ! ನಾಲ್ಕರ ಹೊತ್ತಿಗೆ ಸೂರ್ಯ 50 ಡಿಗ್ರಿಗೆ ಇಳಿದಾಗ ನೆರಳು 12 ಸೆಂ.ಮೀ.ಗೆ ಬಂದು ಗದ್ದ ಕಾಣಿಸತೊಡಗುತ್ತದೆ. ಅದಕ್ಕೂ ಮೊದಲು ಮುಖ ಬೇಕೆಂದರೆ ಬೇರ್‌ಬ್ಯಾಕ್ ಸವಾರಿಯನ್ನು (ಜೀನು ಇಲ್ಲದ ಕುದುರೆಯ ಸವಾರಿ) ನಂಬಿ. ಕುದುರೆ ಹಿಂಗಾಲು ಝಾಡಿಸುವಾಗ ಸವಾರ ಪೂರ್ತಿ ಹಿಂದಕ್ಕೆ ವಾಲುತ್ತಾನೆ, ಗದ್ದ ಮೇಲೇಳುತ್ತದೆ, ಆ ಒಂದು ಕ್ಷಣ ಮುಖಕ್ಕೆ ಬಿಸಿಲು ಬೀಳುತ್ತದೆ.

ಎಕ್ಸ್‌ಪೋಷರನ್ನು, ಅಂದರೆ ಫೋಟೋಗೆ ಎಷ್ಟು ಬೆಳಕು ಎಂಬುದನ್ನು, ಆಟೋಗೆ ಬಿಟ್ಟರೆ ಕೆಟ್ಟಿತು. ಕರಿ ಗೂಳಿ ಫ್ರೇಮ್ ತುಂಬಿದಾಗ ಕ್ಯಾಮೆರಾ ಬೆಳಕು ಏರಿಸಿ ಬಿಳಿ ಅಂಗಿಯನ್ನು ಸುಟ್ಟುಹಾಕುತ್ತದೆ. ಮರುಕ್ಷಣ ತಿಳಿ ಬಣ್ಣದ ಮಣ್ಣು ಕಂಡು ಎಲ್ಲವನ್ನೂ ಕತ್ತಲು ಮಾಡುತ್ತದೆ. ಎಂಟು ಸೆಕೆಂಡಿನ ಸವಾರಿಯಲ್ಲಿ ತಿದ್ದಲು ಪುರುಸೊತ್ತೆಲ್ಲಿ? ಮ್ಯಾನುಯಲ್‌ನಲ್ಲಿ ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 400, ಲೆನ್ಸಿನ ತೆರಪು ಎಫ್/5.6, ಶಟರ್ 1/2000 ಸೆಕೆಂಡು ಇಟ್ಟು, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲ್ ತೆಗೆಯಿರಿ. ಉಳಿದೆರಡು ಹೀಗೇ ಇದ್ದರೆ ನಿಚ್ಚಳ ಬಿಸಿಲಿನ ಲೆಕ್ಕ 1/3200. ಮುಖದ ನೆರಳಿಗಾಗಿ ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಟ್ಟಿದ್ದೇವೆ. ಬೆಳಕು ಅತಿಯಾಯಿತೆಂದು ಪರದೆಯಲ್ಲಿ ಬಿಳಿ ಅಂಗಿ ಮಿನುಗಿ ಎಚ್ಚರಿಸಿದರೆ 1/2500ಕ್ಕೆ ಹೋಗಿ. ಬಿಸಿಲಲ್ಲಿ ಪರದೆ ಮಂಕಾಗಿ ಕಾಣುವುದರಿಂದ ಫೋಟೋ ಕತ್ತಲೆಂದು ಭ್ರಮೆಯಾಗುತ್ತದೆ. ಹಿಸ್ಟೋಗ್ರಾಂ (ಫೋಟೋದ ಕತ್ತಲು-ಬೆಳಕಿನ ಹಂಚಿಕೆ ತೋರುವ ನಕ್ಷೆ) ನೋಡಿ.

ಫ್ಲ್ಯಾಶ್ ಮರೆತುಬಿಡಿ. ಪ್ರಾಣಿಗಳು ಬೆದರುತ್ತವೆಂದು ಬಹಳ ಕಡೆ ಬಿಡುವುದಿಲ್ಲ, ಬಿಟ್ಟರೂ 1/2000ರಲ್ಲಿ ಅದರ ಬೆಳಕು 20 ಮೀಟರ್ ಆಚೆಗೆ ಏನೇನೂ ಸಾಲದು.

ಅಖಾಡದ ಆ ಬದಿಯಿಂದ ಈ ಬದಿಗೆ 400 ಎಂಎಂನಲ್ಲಿ ತೆಗೆದ ಫೋಟೋಗಳು ಮೆತ್ತಗಾಗಿ ಬಂದರೆ ಲೆನ್ಸನ್ನು ಬೈಯಬೇಡಿ. ಕಾದ ನೆಲದಿಂದ ಏಳುವ ಬಿಸಿಗಾಳಿ ಗೆರೆಗಳನ್ನು ಅಲುಗಿಸುತ್ತದೆ. ಸವಾರ ಹತ್ತಿರ ಬರುವವರೆಗೆ ಕಾಯುವುದೊಂದೇ ದಾರಿ. ಕಾಯುತ್ತಾ ಲೆನ್ಸ್ ಬದಲಿಸಲು ಹೋಗಬೇಡಿ. ಆ ಸಣ್ಣ ಧೂಳು ಸೆನ್ಸರ್ ಮೇಲೆ ಕೂತರೆ ಆಮೇಲಿನ ಪ್ರತಿ ಫೋಟೋದ ಆಕಾಶದಲ್ಲೂ ಚುಕ್ಕೆ.