ಪಲ್ಟಿ ಪಾರಿವಾಳಕ್ಕೆ ಯಾವ ಗೂಡು? ಪತ್ರಾಸ್ ಶೆಡ್, ಕಟ್ಟಿಗೆ ಪೆಟ್ಟಿಗೆ, ಫರ್ಸಿ ಕೋಣೆ: ಮೂರನ್ನೂ ಬಳಸಿ ನೋಡಿದ ಮೇಲೆ

ಪಾರಿವಾಳ ಸಾಕುವವರು ನಾಲ್ಕು ಜನ ಸೇರಿದರೆ ಹಕ್ಕಿಯ ಮಾತು ರಾತ್ರಿಯಾದರೂ ಮುಗಿಯುವುದಿಲ್ಲ. ಯಾವ ಜೋಡಿಯ ಮರಿ ಚೆನ್ನಾಗಿ ಪಲ್ಟಿ ಹೊಡೆಯುತ್ತದೆ, ಯಾರ ಹಕ್ಕಿ ಗಿಡುಗನ ಪಾಲಾಯಿತು, ಇದೇ ಹರಟೆ. ಗೂಡಿನ ವಿಷಯ ಬಂದರೆ ಮಾತ್ರ "ಮನೆಯಲ್ಲಿ ಹಳೇ ಪತ್ರಾಸ್ ತಗಡು ಬಿದ್ದಿದೆ, ಅದರಲ್ಲೇ ಮಾಡಿದರಾಯ್ತು" ಅಂತ ಮುಗಿಸಿಬಿಡುತ್ತಾರೆ. ಏಪ್ರಿಲ್-ಮೇಯಲ್ಲಿ 42-43 ಡಿಗ್ರಿ ಬಿಸಿಲು ಕಾಯುವ ಕಲಬುರಗಿಯಲ್ಲಿ ಅಷ್ಟು ಸುಲಭಕ್ಕೆ ಮುಗಿಯುವ ವಿಷಯ ಅಲ್ಲ ಅದು.

ನಮ್ಮ ಮಾಳಿಗೆ ಮೇಲೆ ಪತ್ರಾಸ್ ಶೆಡ್ ಇತ್ತು. ಆಮೇಲೆ ಕಟ್ಟಿಗೆ ಪೆಟ್ಟಿಗೆ ಬಂತು. ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿನ ಸಣ್ಣ ಕೋಣೆಯೂ ಆಯಿತು. ನನ್ನ ತೀರ್ಪು ಇಷ್ಟು: ಹಾರಿಸುವ ಹಕ್ಕಿಗೆ ಸಣ್ಣ ಪೆಟ್ಟಿಗೆ, ಮರಿ ಮಾಡುವ ಜೋಡಿಗೆ ಕಲ್ಲಿನ ಕೋಣೆ. ಪತ್ರಾಸ್ ಏನಿದ್ದರೂ ಮಳೆ ತಡೆಯುವ ಹೊದಿಕೆ.

ಇದು ಪಲ್ಟಿ ಹೊಡೆಯುವ ರೋಲರ್ ಹಕ್ಕಿಗೆ ಮಾತ್ರ ಹೇಳುವ ಮಾತು. ದೂರದಿಂದ ಮನೆಗೆ ಬರುವ ರೇಸಿನ ಹಕ್ಕಿಯ ಲೆಕ್ಕ ಬೇರೆ. ಬರ್ಮಿಂಗ್‌ಹ್ಯಾಮ್ ರೋಲರ್ ಇಂಗ್ಲೆಂಡಿನಲ್ಲಿ ತಯಾರಾದ ತಳಿ. ನಮ್ಮ ಮನೆ ಮೇಲೆಯೇ ಗುಂಪಾಗಿ ಸುತ್ತುತ್ತದೆ, ಹಾರುತ್ತಲೇ ಹಿಂದಕ್ಕೆ ಉರುಳುತ್ತಾ ಕೆಳಗೆ ಬರುತ್ತದೆ, ಮತ್ತೆ ಮೇಲೇರಿ ಗುಂಪು ಸೇರುತ್ತದೆ. ಹೊರದೇಶಗಳ ದೊಡ್ಡ ಪಂದ್ಯಗಳಲ್ಲಿ 20 ಹಕ್ಕಿಯ ಗುಂಪನ್ನು 20 ನಿಮಿಷ ನೋಡಿ ಅಂಕ ಕೊಡುತ್ತಾರೆ. ಒಂದು ಹಕ್ಕಿ ಒಂಟಿಯಾಗಿ ಎಷ್ಟೇ ಪಲ್ಟಿ ಹೊಡೆದರೂ ಬೆಲೆಯಿಲ್ಲ. ಎಲ್ಲಾ ಒಟ್ಟಿಗೆ ಹಾರಬೇಕು, ಒಟ್ಟಿಗೆ ಉರುಳಬೇಕು. ಹಾಗಾಗಬೇಕಾದರೆ ಗೂಡಿನೊಳಗೆ ಅವಕ್ಕೆ ಒಂದೇ ಹದದ ಹಸಿವು, ಒಂದೇ ಹದದ ವಿಶ್ರಾಂತಿ ಸಿಗಬೇಕು. ನಾನು ಮೂರು ಗೂಡನ್ನೂ ಅಳೆದದ್ದು ಇದೇ ಲೆಕ್ಕದಲ್ಲಿ.

ಪತ್ರಾಸ್ ಶೆಡ್

ಅಗ್ಗ, ಬೇಗ ಏಳುತ್ತದೆ. ಹಳೇ ಹಾಳೆ, ನಾಲ್ಕು ಕಬ್ಬಿಣದ ಆ್ಯಂಗಲ್, ನಟ್-ಬೋಲ್ಟ್ ಇದ್ದರೆ ವೆಲ್ಡಿಂಗ್‌ನವರು ಒಂದೇ ದಿನದಲ್ಲಿ ನಿಲ್ಲಿಸಿಕೊಡುತ್ತಾರೆ. ಬಾಡಿಗೆ ಮನೆಯವರು ಬಿಚ್ಚಿ ಒಯ್ಯಬಹುದು. ಒಳಗೆ ನಿಂತು ಗುಡಿಸಬಹುದು. ಇಷ್ಟು ಅದರ ಪರವಾಗಿ.

ಬಿಸಿಲಿನ ಕಥೆ ಎಲ್ಲರಿಗೂ ಗೊತ್ತು. ಮಧ್ಯಾಹ್ನ ಹೋಗಿ ನೋಡಿದರೆ ಹಕ್ಕಿಗಳು ಕೊಕ್ಕು ತೆರೆದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಗಂಟಲು ಅದುರಿಸುತ್ತಾ ಕೂತಿರುತ್ತವೆ. ಬಾಯಿ ತೆರೆದ ಹಕ್ಕಿಗೆ ಗಾಳಿಯೂ ನೆರಳೂ ಸಾಲುತ್ತಿಲ್ಲ ಅಂತಲೇ ಅರ್ಥ. ತಗಡಿನ ಮೇಲೆ ತೊಗರಿ ಕಟ್ಟಿಗೆಯ ತಟ್ಟಿ ಹಾಕಿದರೆ ಬಹಳ ತಗ್ಗುತ್ತದೆ. ಆದರೆ ತಟ್ಟಿಯನ್ನು ತಗಡಿಗೆ ಅಂಟಿಸಬಾರದು. ಒಂದು ಗೇಣು ಎತ್ತರಕ್ಕೆ ಬೊಂಬು ಕೊಟ್ಟು ಅದರ ಮೇಲೆ ಹಾಸಬೇಕು, ನಡುವೆ ಗಾಳಿ ಆಡಬೇಕು. ತಗಡಿಗೆ ಸುಣ್ಣ ಬಳಿದರೆ ಇನ್ನಷ್ಟು ತಗ್ಗುತ್ತದೆ. ನಮ್ಮ ಜಿಲ್ಲೆಯಲ್ಲಿ ತೊಗರಿ ಕಟ್ಟಿಗೆಗೆ ಬರವಿಲ್ಲ, ಬೇಸಿಗೆಗೆ ಮುಂಚೆ ಯಾವ ಹಳ್ಳಿಗೆ ಹೋದರೂ ಸಿಗುತ್ತದೆ.

ಇಷ್ಟು ಮಾಡಿ ಬಿಸಿಲನ್ನು ಗೆದ್ದರೂ ಶೆಡ್ ನನಗೆ ಒಗ್ಗಲಿಲ್ಲ. ಅದರ ತೊಂದರೆ ದೊಡ್ಡದಾಗಿರುವುದೇ. ಬಾಗಿಲು ತೆರೆದ ಕೂಡಲೇ ಇಪ್ಪತ್ತೂ ಹಕ್ಕಿ ಒಳಗೇ ರೆಕ್ಕೆ ಬಡಿಯುತ್ತವೆ. ಜೋರಿನ ಗಂಡು ಮೇಲಿನ ಮೂಲೆ ಹಿಡಿದು ಗುಟುರು ಹಾಕುತ್ತದೆ, ಹೆಣ್ಣೊಂದು ಅದರ ಹಿಂದೆ ಬೀಳುತ್ತದೆ. ನೋಡನೋಡುತ್ತಲೇ ಕಡ್ಡಿ ಹೊತ್ತು ಗೂಡು ಹಾಕುವ ಕೆಲಸ ಶುರು. ಜೋಡಿ ಕಟ್ಟಿದ ಹಕ್ಕಿಗೆ ಹಾರಾಟದಲ್ಲಿ ಮನಸ್ಸಿರುವುದಿಲ್ಲ. ಗುಂಪು ಬಿಟ್ಟು ಬೇಗ ಇಳಿಯುತ್ತದೆ, ಅದರ ಹಿಂದೆ ಇನ್ನೆರಡು ಇಳಿಯುತ್ತವೆ. ಕಾಳು ಹಾಕಿದಾಗಲೂ ಅಷ್ಟೇ. ಅಗಲ ನೆಲದಲ್ಲಿ ಚೆಲ್ಲಿದ ಜೋಳವನ್ನು ಜೋರಿನವು ಹೊಟ್ಟೆ ಬಿರಿಯ ತಿಂದು ದಪ್ಪಗಾಗುತ್ತವೆ, ಅಂಜುಬುರುಕವು ಒಣಗುತ್ತವೆ. ದಪ್ಪ ಹಕ್ಕಿ ಪಲ್ಟಿ ಹೊಡೆಯಲು ಸೋಮಾರಿ. ಇನ್ನು ಮಳೆ ಜೋರಾದರೆ ತಗಡಿನ ಸದ್ದಿಗೆ ರಾತ್ರಿಯೆಲ್ಲಾ ಗಾಬರಿ.

ಅಂಗಡಿಯಲ್ಲಿ ಸಿಗುವ ಕಬ್ಬಿಣದ ಜಾಳಿಗೆ ಪಂಜರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರೆಕ್ಕೆಯ ತುದಿ ಮುರಿಯುತ್ತದೆ, ಬೆಕ್ಕು ಹೊರಗಿನಿಂದಲೇ ಪಂಜ ಹಾಕುತ್ತದೆ. ಹೊಸದಾಗಿ ತಂದ ಹಕ್ಕಿಯನ್ನು ಎರಡು-ಮೂರು ವಾರ ಬೇರೆ ಇಟ್ಟು ರೋಗ ಇದೆಯೋ ಇಲ್ಲವೋ ನೋಡಲು ಒಂದು ಇರಲಿ, ಸಾಕು.

ಕಟ್ಟಿಗೆ ಪೆಟ್ಟಿಗೆ

ರೋಲರ್ ಹಾರಿಸುವವರು ಇದಕ್ಕೆ ಕಿಟ್ ಬಾಕ್ಸ್ ಅನ್ನುತ್ತಾರೆ. ನನ್ನದು ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಮೂರು ಅಡಿ ಆಳ. ನೆಲದಿಂದ ಎರಡು ಅಡಿ ಮೇಲೆ ಕಾಲಿನ ಮೇಲೆ ನಿಂತಿದೆ. ಇದನ್ನು ನೋಡಿ ಪಕ್ಕದ ಮನೆಯ ಕಾಕಾ ಕೇಳಿದ್ದರು: "ಏ ತಮ್ಮಾ, ಇಷ್ಟು ಸಣ್ಣ ಡಬ್ಬ್ಯಾಗ ಇಪ್ಪತ್ತು ಹಕ್ಕಿ ಹ್ಯಾಂಗ ಇರ್ತಾವ? ಪಾಪ ಹತ್ತತದ ನಿನಗ." ನಾನು "ಕಾಕಾ, ಸಂಜಿಮುಂದ ಬಂದು ನೋಡ್ರಿ" ಅಂದೆ. ಬಂದರು, ನೋಡಿದರು. ಇಪ್ಪತ್ತೂ ತಮ್ಮ ತಮ್ಮ ಖಾನೆಯಲ್ಲಿ ಸುಮ್ನೆ ಕೂತಿದ್ದವು. ಒಂದೂ ಜಗಳವಿಲ್ಲ.

ಗುಟ್ಟು ಇರುವುದು ಆ ಖಾನೆಗಳಲ್ಲೇ. ಹಿಂದಿನ ಗೋಡೆಗೆ ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು, ಒಟ್ಟು 20. ಒಂದೊಂದೂ ಒಂಬತ್ತು ಇಂಚಿನ ಮೇಲೆ ಸ್ವಲ್ಪ ಅಗಲ, ಹನ್ನೊಂದು ಇಂಚಿನಷ್ಟು ಎತ್ತರ. ಆಳ ಮಾತ್ರ ಐದು ಇಂಚು ದಾಟಬಾರದು. ಬಡಿಗೇರರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು, ಇಲ್ಲದಿದ್ದರೆ ಅವರು ಪ್ರೀತಿಯಿಂದ ಹತ್ತು ಇಂಚು ಆಳ ಮಾಡಿಕೊಡುತ್ತಾರೆ. ಐದು ಇಂಚಿನಲ್ಲಿ ಒಂದೇ ಹಕ್ಕಿ ಕೂರುತ್ತದೆ, ಬಾಲ ಹೊರಗಿರುತ್ತದೆ, ಹಿಕ್ಕೆ ನೆಲಕ್ಕೆ ಬೀಳುತ್ತದೆ. ಆಳ ಜಾಸ್ತಿಯಾದರೆ ಅದು ಜೋಡಿ ಕಟ್ಟುವ ಮನೆಯಾಗಿಬಿಡುತ್ತದೆ. ಮತ್ತೆ ಶೆಡ್ಡಿನ ಗೋಳೇ.

ನೆಲಕ್ಕೆ ಒಂದು ಇಂಚಿನ ವೆಲ್ಡೆಡ್ ಜಾಳಿಗೆ. ಹಿಕ್ಕೆ ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಬೀಳುತ್ತದೆ, ಹಕ್ಕಿಯ ಕಾಲಿಗೆ ಹತ್ತುವುದಿಲ್ಲ. ಹಸಿ ಹಿಕ್ಕೆಯಲ್ಲಿ ಓಡಾಡಿದರೆ ಬರುವ ಹೊಟ್ಟೆರೋಗ ಇದರಿಂದ ಎಷ್ಟೋ ಕಡಿಮೆಯಾಯಿತು. ಮುಂದಿನ ಗಾಳಿಕಿಂಡಿಗೆ ಮಾತ್ರ ಅರ್ಧ ಇಂಚಿನ ಜಾಳಿಗೆಯೇ ಬೇಕು. ಇಲಿ ಮರಿ ಒಂದು ಇಂಚಿನಲ್ಲಿ ಆರಾಮಾಗಿ ನುಗ್ಗುತ್ತದೆ. ಪೆಟ್ಟಿಗೆಯ ಕಾಲುಗಳಿಗೆ ಇಲಿ ಹತ್ತದಂತೆ ತಗಡು ಸುತ್ತಿದ್ದೇನೆ.

ಹಕ್ಕಿ ಒಳಗೆ ಬರುವ ಬಾಗಿಲಿಗೆ ಹಳೇ ಸೈಕಲ್ ಸ್ಪೋಕು ಬಳಸಿದೆ. ಸ್ಪೋಕಿನ ಬಾಗಿದ ತುದಿಯನ್ನು ಒಂದು ತಂತಿಗೆ ಸಿಕ್ಕಿಸಿ ಸಾಲಾಗಿ ಇಳಿಬಿಡಬೇಕು, ಒಂದಕ್ಕೊಂದು ಎರಡು ಇಂಚಿಗಿಂತ ಕಡಿಮೆ ಅಂತರ. ಕೆಳಗೆ ಹೊರಬದಿಗೆ ಅಡ್ಡಪಟ್ಟಿ. ಹಕ್ಕಿ ತಲೆಯಿಂದ ದೂಡಿದರೆ ಸ್ಪೋಕು ಒಳಕ್ಕೆ ಸರಿಯುತ್ತದೆ, ಒಳಗಿನಿಂದ ದೂಡಿದರೆ ಪಟ್ಟಿಗೆ ತಾಗಿ ನಿಲ್ಲುತ್ತದೆ. ಬರಬಹುದು, ಹೋಗುವಂತಿಲ್ಲ. ಸೈಕಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ತುಕ್ಕು ಹಿಡಿದ ಸ್ಪೋಕು ಪುಕ್ಕಟೆ ಕೊಡುತ್ತಾರೆ, ಮರಳು ಕಾಗದ ಹಚ್ಚಿ ಉಜ್ಜಿಕೊಂಡರಾಯಿತು.

ಕಾಳನ್ನು ಹಾರಿ ಬಂದ ಮೇಲೆಯೇ, ಪೆಟ್ಟಿಗೆಯೊಳಗೆ ಉದ್ದನೆಯ ಡೋಣಿಯಲ್ಲಿ ಹಾಕುತ್ತೇನೆ. ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ, ಬಹುಪಾಲು ಬಿಳಿಜೋಳ. ಡಬ್ಬಿ ಅಲ್ಲಾಡಿಸಿದ ಸದ್ದಿಗೆ ಎಲ್ಲಾ ಇಳಿದು ಸ್ಪೋಕು ದಾಟಿ ಒಳಗೆ. ಇಪ್ಪತ್ತಕ್ಕೂ ಒಂದೇ ಸಲ ಕೊಕ್ಕು ಇಡಲು ಜಾಗ ಇರುವುದರಿಂದ ಯಾವುದೂ ದಪ್ಪಗಾಗುವುದಿಲ್ಲ, ಯಾವುದೂ ಸೊರಗುವುದಿಲ್ಲ. ಶೆಡ್ಡಿನಲ್ಲಿ ಇದನ್ನು ತರಲು ಆಗಲೇ ಇಲ್ಲ. ಕಾಯಿಲೆ ಬಿದ್ದದ್ದನ್ನು ಹಿಡಿಯುವುದೂ ಸುಲಭ, ಕತ್ತಲಲ್ಲಿ ಅದರ ಖಾನೆಗೆ ಕೈ ಹಾಕಿದರಾಯಿತು. ಮಳೆಗಾಲದಲ್ಲಿ ಸೊಳ್ಳೆಯಿಂದ ಪಾರಿವಾಳಕ್ಕೆ ಸಿಡುಬು ಹತ್ತುತ್ತದೆ. ಪೆಟ್ಟಿಗೆಗೆ ಒಂದು ಸೊಳ್ಳೆಪರದೆ ಹೊದಿಸಬಹುದು, ಶೆಡ್ಡಿಗೆ ಎಲ್ಲಿಂದ ತರುವುದು?

ಪೆಟ್ಟಿಗೆಯ ಕೊರತೆ ಕಟ್ಟಿಗೆಯದು. ಅಗ್ಗದ ಪ್ಲೈವುಡ್ ಒಂದೇ ಮಳೆಗಾಲಕ್ಕೆ ಉಬ್ಬಿ ಪದರ ಪದರ ಬಿಡುತ್ತದೆ. ಪ್ಯಾಕಿಂಗ್ ಕಟ್ಟಿಗೆಯ ಹಲಗೆ ಎಷ್ಟೋ ಮೇಲು. ಹೊರಗೆ ಎಣ್ಣೆ ಬಣ್ಣ, ಒಳಗೆ ಸುಣ್ಣ ಮಾತ್ರ. ಬಿರುಕಿನಲ್ಲಿ ನುಸಿ ಸೇರಿಕೊಳ್ಳುತ್ತದೆ, ವರ್ಷಕ್ಕೆರಡು ಸಲ ಸುಣ್ಣ ಬೇಕೇ ಬೇಕು. ಬೇಸಿಗೆಯಲ್ಲಿ ಇದನ್ನೂ ತಟ್ಟಿಯ ನೆರಳಿನಲ್ಲೇ ಇಡಬೇಕು. ಸಣ್ಣದಾದ್ದರಿಂದ ಇಬ್ಬರು ಹಿಡಿದು ನೀರಿನ ಟ್ಯಾಂಕಿನ ನೆರಳಿಗೆ ಸರಿಸಬಹುದು. ಈ ಅನುಕೂಲ ಉಳಿದೆರಡಕ್ಕೆ ಇಲ್ಲ.

ಫರ್ಸಿ ಕೋಣೆ

ಶಹಾಬಾದ್ ಕಲ್ಲು ನಮ್ಮ ಬಾಗಿಲಿಗೇ ಸಿಗುವಾಗ ಅದನ್ನು ಬಿಡುವುದುಂಟೆ? ಫರ್ಸಿಯನ್ನು ನಿಲ್ಲಿಸಿ, ಸಂದಿಗೆ ಸಿಮೆಂಟು ತುಂಬಿದರೆ ಗೋಡೆ. ಇಲಿ ಕೊರೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ನೀರು ಹಾಕಿ ತೊಳೆಯಬಹುದು. ಆದರೆ ಮಾಳಿಗೆ ಮೇಲೆ ಇದರ ಆಸೆ ಬೇಡ. ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಒಂದೇ ಕಲ್ಲು 55 ಕೆಜಿ ಹತ್ತಿರ ತೂಗುತ್ತದೆ. ಹಿತ್ತಲೇ ಇದಕ್ಕೆ ಸರಿ, ಅದೂ ಗಿಡದ ನೆರಳಿನಲ್ಲಿ. ನೆರಳಿದ್ದರೆ ಈ ಕಲ್ಲು ಮೇ ತಿಂಗಳಲ್ಲೂ ತಂಪು. ಬಿಸಿಲು ನೇರ ಬಿದ್ದರೆ ಕಾದದ್ದು ನಡುರಾತ್ರಿಯಾದರೂ ಆರುವುದಿಲ್ಲ.

ಹಾರಿಸುವ ಹಕ್ಕಿಗೆ ಇದು ಬೇಡ ಅನ್ನಲು ಕಾರಣ, ಹಿತ್ತಲಿನಿಂದ ಆಕಾಶ ಪೂರ್ತಿ ಕಾಣುವುದಿಲ್ಲ, ಗಿಡದ ಕೊಂಬೆ ಅಡ್ಡ. ಜೋಡಿಗೆ ಅದರ ಹಂಗಿಲ್ಲ. ಒಂದು ಜೋಡಿಗೆ ಎರಡು ಅಡಿ ಅಗಲ, ಹದಿನಾರು ಇಂಚು ಎತ್ತರ, ಹದಿನಾರು ಇಂಚು ಆಳದ ಮನೆ ಕೊಟ್ಟಿದ್ದೇನೆ. ಅದರಲ್ಲಿ ಕುಂಬಾರರ ಮಣ್ಣಿನ ಬೋಗುಣಿ ಎರಡು. ಎರಡು ಯಾಕೆಂದರೆ, ಮೊದಲ ಮರಿಗಳು ಇನ್ನೂ ಗೂಡಿನಲ್ಲಿರುವಾಗಲೇ ಹೆಣ್ಣು ಮುಂದಿನ ಮೊಟ್ಟೆಗೆ ತಯಾರಾಗುತ್ತದೆ. ಪ್ಲಾಸ್ಟಿಕ್ ಬೋಗುಣಿಯೂ ಇಟ್ಟು ನೋಡಿದೆ. ನುಣುಪಿಗೆ ಮರಿಯ ಕಾಲು ಎರಡೂ ಕಡೆ ಜಾರುತ್ತದೆ, ಹಾಗೇ ಬಲಿತರೆ ಹಕ್ಕಿ ಕುಂಟು. ಮಣ್ಣಿನದರಲ್ಲಿ ಗೋಣಿಯ ತುಂಡು, ಮೇಲೆ ನಾಲ್ಕು ಬೇವಿನ ಕಡ್ಡಿ. ಉಳಿದದ್ದು ಗಂಡೇ ಹೊತ್ತು ತರುತ್ತದೆ. 17-18 ದಿನಕ್ಕೆ ಮರಿ, ಏಳೆಂಟು ದಿನದ ಮರಿಗೆ ಗುರುತಿನ ಕಾಲುಂಗುರ.

ಮಳೆಗಾಲದಲ್ಲಿ ಕಲ್ಲಿನ ನೆಲ ಬೆವರುತ್ತದೆ. ಬೂದಿ ಉದುರಿಸಿ, ಗುಡಿಸಿ, ಮತ್ತೆ ಉದುರಿಸಬೇಕು. ಗುಡಿಸುವಾಗ ಮೂಗಿಗೆ ಮಾಸ್ಕ್ ಇರಲೇಬೇಕು. ಪಾರಿವಾಳದ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ. ಇದು ಮೂರು ಗೂಡಿಗೂ ಒಂದೇ.

ಹಣ ಒಂದಕ್ಕೇ ಸಾಲುವುದಾದರೆ ಪೆಟ್ಟಿಗೆ ಮಾಡಿಸಿ, ಮರಿಗಳನ್ನು ಬೇರೆಯವರಿಂದ ತನ್ನಿ. ಶೆಡ್ ಈಗಾಗಲೇ ಇದ್ದರೆ ಕೆಡವಬೇಡಿ, ಪೆಟ್ಟಿಗೆಯನ್ನು ಅದರೊಳಗೇ ಇಡಿ. ನಾನೂ ಈಗ ಮಾಡಿರುವುದು ಅದನ್ನೇ, ಶೆಡ್ಡಿನ ಮೂರು ಬದಿಯ ಹಾಳೆ ಬಿಚ್ಚಿ. ಪೆಟ್ಟಿಗೆಯ ಬಾಯಿ ಪೂರ್ವಕ್ಕಿರಲಿ, ಬೆಳಗಿನ ಬಿಸಿಲು ಬೀಳುತ್ತದೆ, ಮುಂಗಾರಿನ ಇರಚಲು ಬೆನ್ನಿಗೆ ಹೊಡೆಯುತ್ತದೆ. ಬೀದರಿನವರು ಇದರಲ್ಲಿ ಒಂದು ಬದಲಾವಣೆ ಮಾಡಿಕೊಳ್ಳಬೇಕು. ಅಲ್ಲಿ ಎತ್ತರ ಜಾಸ್ತಿ, ಡಿಸೆಂಬರ್ ಚಳಿಯೂ ಜಾಸ್ತಿ, ಚಳಿಗಾಳಿ ಬರುವುದೂ ಪೂರ್ವದ ಕಡೆಯಿಂದಲೇ. ರಾತ್ರಿ ಮುಂದಿನ ಜಾಳಿಗೆಗೆ ಗೋಣಿ ಇಳಿಬಿಡಿ, ಮೇಲೆ ನಾಲ್ಕು ಬೆರಳು ಗಾಳಿಗೆ ಬಿಟ್ಟು.