ಹಳೆಯ ಹಾಯಿದೋಣಿಗೆ ಹೊಸ ಕಂಚು: ಹಲವು ಹಂಗಾಮು ಬಳಸಿದ ಮೇಲೆ

ಅಮೆರಿಕದ ರೋಡ್ ಐಲೆಂಡ್‌ನ ನ್ಯಾರಗ್ಯಾನ್ಸೆಟ್ ಕೊಲ್ಲಿಯಲ್ಲಿ ನಾನೂ ನನ್ನ ಭಾವನೂ ಸೇರಿ ಒಂದು ಮರದ ಹಾಯಿದೋಣಿ ಇಟ್ಟುಕೊಂಡಿದ್ದೇವೆ, ಹೆರೆಶಾಫ್ 12½. ಕೈಗೆ ಬಂದಾಗ ಹಲಗೆ, ಪಕ್ಕೆಗಳೆಲ್ಲ ರಿಪೇರಿಗೆ ಒಗ್ಗುವಂತಿದ್ದವು. ಲೋಹದ ಸಾಮಾನಿನ ಸ್ಥಿತಿ ಮಾತ್ರ ಬಹಳ ಕೆಟ್ಟಿತ್ತು. ಹಗ್ಗ ಸುತ್ತಿ ಕಟ್ಟುವ ಕ್ಲೀಟ್ ಕಂಚಿನದಿರಬೇಕಾದ ಕಡೆ ನೈಲಾನಿನದು. ಮುಂಭಾಗದಲ್ಲಿ ಹಗ್ಗ ಹಾಯುವ ಚಾಕ್ ಒಂದು ಬದಿಗೆ ಇರಲೇ ಇಲ್ಲ. ಚುಕ್ಕಾಣಿ ನೇತುಹಾಕುವ ಗಜನ್ ಸವೆದು ಅಲ್ಲಾಡುತ್ತಿತ್ತು. ಇವನ್ನೆಲ್ಲ ಮೂಲದ ಮಾದರಿಯಲ್ಲೇ ಹೊಸದಾಗಿ ಎರಕ ಹೊಯ್ದ ಸಾಮಾನಿನಿಂದ ಬದಲಿಸಿ, ಹಲವು ಹಂಗಾಮು ಉಪ್ಪುನೀರಿನಲ್ಲಿ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಆಕಾರ ನೋಡಿ ಮರುಳಾಗಬೇಡಿ, ಮಿಶ್ರಲೋಹ ಯಾವುದು, ಅಳತೆ ಎಷ್ಟು ಎಂದು ಕೇಳಿ ಕೊಳ್ಳಿ.

ಈ ದೋಣಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಸಾಮಾನು ಸಿಗುವುದೂ ಸಿಗದಿರುವುದೂ ದೋಣಿಯ ಕುಲದ ಮೇಲೆ ನಿಂತಿದೆ. ನಥಾನಿಯಲ್ ಹೆರೆಶಾಫ್ ಇದನ್ನು 1914ರಲ್ಲಿ ವಿನ್ಯಾಸ ಮಾಡಿದ್ದು ಮಕ್ಕಳಿಗೆ ದೋಣಿ ನಡೆಸುವುದನ್ನು ಕಲಿಸಲಿಕ್ಕೆ. ಮ್ಯಾಸಚೂಸೆಟ್ಸ್‌ನ ಬಜರ್ಡ್ಸ್ ಕೊಲ್ಲಿಯ ಚಿಕ್ಕ ಕಡಿದಾದ ಅಲೆಗಳನ್ನು ತಡೆಯಲೆಂದು ಕೆಳಗೆ ಭಾರವಾದ ಸೀಸದ ಕೀಲ್ (ಅಡಿಗಟ್ಟು) ಕೊಟ್ಟರು. ನೀರಿನ ಮಟ್ಟದಲ್ಲಿ ಉದ್ದ ಹನ್ನೆರಡೂವರೆ ಅಡಿ, ಹೆಸರು ಬಂದದ್ದು ಅದರಿಂದಲೇ. ರೋಡ್ ಐಲೆಂಡ್‌ನ ಬ್ರಿಸ್ಟಲ್ ಊರಿನಲ್ಲಿದ್ದ ಹೆರೆಶಾಫ್ ಕಂಪನಿಗೆ ತನ್ನದೇ ಎರಕದ ಮನೆ ಇತ್ತು, ಕ್ಲೀಟ್‌ನಿಂದ ಹಿಡಿದು ಚುಕ್ಕಾಣಿಯ ಸಾಮಾನಿನವರೆಗೆ ಅಲ್ಲೇ ಹೊಯ್ಯುತ್ತಿದ್ದರು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು. ಆದರೆ ಅಷ್ಟರೊಳಗೆ ಇದೇ ಮಾದರಿಯ ದೋಣಿಗಳು ನೂರಾರು ನೀರಿಗಿಳಿದಿದ್ದವು, ಅವುಗಳಲ್ಲಿ ಬಹಳಷ್ಟು ಇಂದಿಗೂ ತೇಲುತ್ತಿವೆ. ಅದಕ್ಕೇ ಇವುಗಳ ಸಾಮಾನನ್ನು ಮತ್ತೆ ಹೊಯ್ಯುವವರು ಇದ್ದಾರೆ. ಕಂಪನಿಯ ನಕ್ಷೆಗಳ ದೊಡ್ಡ ಸಂಗ್ರಹ ಎಂಐಟಿ ವಸ್ತುಸಂಗ್ರಹಾಲಯದ ಹಾರ್ಟ್ ನಾಟಿಕಲ್ ವಿಭಾಗದಲ್ಲಿ ಉಳಿದಿರುವುದು ನಮ್ಮಂಥವರ ಪುಣ್ಯ. ನಿಮ್ಮದು ಯಾವುದೋ ಊರಿನ ಬಡಗಿ ಒಂದೇ ಒಂದು ಕಟ್ಟಿದ ದೋಣಿಯಾದರೆ ಈ ಅನುಕೂಲ ಸಿಗುವುದಿಲ್ಲ, ಪ್ರತಿ ತುಂಡನ್ನೂ ಹೇಳಿ ಮಾಡಿಸಬೇಕು.

ಸಿದ್ಧ ಸಾಮಾನಿಗೆ ನಾವು ಮೊದಲು ಹೋದದ್ದು ಹತ್ತಿರದ ಟಿವರ್ಟನ್‌ನ ಬ್ರಿಸ್ಟಲ್ ಬ್ರಾಂಜ್‌ಗೆ. ಹೆರೆಶಾಫ್ ಮಾದರಿಯ ಕಂಚಿನ ಸಾಮಾನೇ ಅವರ ಮುಖ್ಯ ಕಸುಬು. ಪಶ್ಚಿಮ ಕರಾವಳಿಯಲ್ಲಿ, ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್‌ಸೆಂಡ್ ಫೌಂಡ್ರಿಯವರು ಮಾದರಿ ಕೊಟ್ಟರೆ ಹೊಸದಾಗಿಯೂ ಹೊಯ್ದುಕೊಡುತ್ತಾರೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಈ ಹುಚ್ಚು ಹಿಡಿಸಿಕೊಂಡಿದ್ದರೆ 1885ರಿಂದ ನಡೆಯುತ್ತಿರುವ ಡೇವಿ ಅಂಡ್ ಕಂಪನಿಯ ಕ್ಯಾಟಲಾಗ್ ತರಿಸಿಕೊಳ್ಳಿ. ಜರ್ಮನಿಯವರಿಗೆ ಹ್ಯಾಂಬರ್ಗಿನ ಟಾಪ್ಲಿಶ್ಟ್ ಇದೆ. ಇಂಥ ಕ್ಯಾಟಲಾಗ್‌ಗಳಲ್ಲಿ ಒಂದೇ ಆಕಾರದ ಸಾಮಾನು ಹಿತ್ತಾಳೆಯಲ್ಲೂ ಕಂಚಿನಲ್ಲೂ ಇರುವುದುಂಟು, ಆರ್ಡರ್ ಸಂಖ್ಯೆ ಎರಡು ಸಲ ಓದಿ. ದೋಣಿಯ ಒಳಗಿನ ದೀಪಕ್ಕೆ, ಕಪಾಟಿನ ಚಿಲಕಕ್ಕೆ ಹಿತ್ತಾಳೆ ಸಾಕು. ಹಗ್ಗ ಎಳೆಯುವ ಕಡೆ, ನೀರು ತಾಗುವ ಕಡೆ ಬೇಡ.

ನಮಗೆ ಅತ್ಯಂತ ತೃಪ್ತಿ ಕೊಟ್ಟ ಸಾಮಾನು ಮುಂಭಾಗದ ಚಾಕ್ ಜೋಡಿ. ಇಲ್ಲಿ ಬೇಸಿಗೆಯುದ್ದಕ್ಕೂ ದೋಣಿ ತೇಲುಬುರುಡೆಗೆ ಕಟ್ಟಿಕೊಂಡೇ ಇರುತ್ತದೆ. ಗಾಳಿ ಎದ್ದ ರಾತ್ರಿ ದೋಣಿಯ ಅಷ್ಟೂ ಜಗ್ಗಾಟ ಆ ಒಂದು ಹಗ್ಗದ ಮೇಲೆ, ಹಗ್ಗ ಬಾಗುವುದು ಚಾಕ್‌ನ ತುಟಿಯ ಮೇಲೆ. ಆ ತುಟಿ ಎಷ್ಟು ದುಂಡಗಿದೆ, ಎಷ್ಟು ನುಣುಪಾಗಿದೆ ಎಂಬುದರ ಮೇಲೆ ಹಗ್ಗದ ಆಯುಷ್ಯ ನಿಂತಿದೆ. ಸ್ಕೀನ್ ಮಾದರಿಯ ಚಾಕ್‌ನಲ್ಲಿ ಎರಡು ಕೊಂಬುಗಳು ಓರೆಯಾಗಿ ಒಂದರ ಮುಂದೊಂದು ದಾಟಿ ನಿಲ್ಲುತ್ತವೆ, ಆದ್ದರಿಂದ ದೋಣಿ ಎಷ್ಟೇ ಕುಣಿದರೂ ಹಗ್ಗ ಮೇಲಕ್ಕೆ ಹಾರಿ ಹೊರಬೀಳುವುದಿಲ್ಲ. ಓರೆ ಇರುವ ಕಾರಣ ಎಡಬದಿಯದು ಬೇರೆ, ಬಲಬದಿಯದು ಬೇರೆ. ಬಿಡಿಯಾಗಿ ಕೊಳ್ಳುವವರು ಬದಿ ಹೇಳಿಯೇ ತರಿಸಿಕೊಳ್ಳಬೇಕು. ನಮ್ಮ ಜೋಡಿಯಲ್ಲಿ ಎರಕದ ಗೆರೆಯನ್ನು ತುಟಿಯ ಒಳಗಿನವರೆಗೂ ಉಜ್ಜಿ ತೆಗೆದಿದ್ದರು. ಇಷ್ಟು ಹಂಗಾಮಿನ ನಂತರವೂ ಅಲ್ಲಿ ಬೆರಳಾಡಿಸಿದರೆ ಒಂದು ತರಿ ಸಿಗುವುದಿಲ್ಲ. ಹಗ್ಗದ ಸವೆತ ಮೊದಲಿಗಿಂತ ಎಷ್ಟೋ ಕಡಿಮೆ. ಈ ಒಂದು ಸಾಮಾನಿಗೆ ಎಷ್ಟು ದುಡ್ಡು ಕೊಟ್ಟರೂ ನನಗೆ ಬೇಸರವಿಲ್ಲ.

ಇನ್ನು ಲೋಹದ ವಿಷಯ. ನಮ್ಮ ದೇವಸ್ಥಾನದ ಗಂಟೆಯ ಕಂಚಿನಲ್ಲಿ ತಾಮ್ರದ ಜೊತೆ ಐದರಲ್ಲೊಂದು ಪಾಲು ತವರ. ನಾದ ಚೆನ್ನ, ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ದೋಣಿಗೆ ಈಗ ಹೆಚ್ಚಾಗಿ ಬಳಸುವ ಸಿಲಿಕಾನ್ ಬ್ರಾಂಜ್‌ನಲ್ಲಿ ತವರವೇ ಮುಖ್ಯವಲ್ಲ: ಎರಕದ್ದಾದರೆ ಸುಮಾರು ನೂರಕ್ಕೆ 95 ತಾಮ್ರ, 4 ಸಿಲಿಕಾನ್, ಉಳಿದದ್ದು ಮ್ಯಾಂಗನೀಸ್. ಬಾಗಿದರೂ ಥಟ್ಟನೆ ಮುರಿಯದು, ಉಪ್ಪುನೀರಿಗೆ ಜಗ್ಗದು. ಮೋಸ ಹೋಗುವುದು ಮ್ಯಾಂಗನೀಸ್ ಬ್ರಾಂಜ್ ಎಂಬ ಹೆಸರಿನಲ್ಲಿ. ಅದರಲ್ಲಿ ನೂರಕ್ಕೆ ಸುಮಾರು 39 ಭಾಗ ಸತು ಇರುತ್ತದೆ, ಅಂದರೆ ಲೆಕ್ಕಕ್ಕೆ ಅದು ಹಿತ್ತಾಳೆಯೇ. ಬಲಕ್ಕೇನೂ ಕೊರತೆಯಿಲ್ಲ, ಡೆಕ್ ಮೇಲೆ ಬಹಳ ವರ್ಷ ಬಾಳುತ್ತದೆ. ಆದರೆ ಸಮುದ್ರದ ನೀರಿನಲ್ಲಿ ಮುಳುಗಿದ್ದರೆ ಸತು ಕರಗಿ ಹೋಗಿ, ಆಕಾರ ಹಾಗೇ ಉಳಿದು, ಒಳಗೆ ಬೆಂಡಿನಂಥ ತಾಮ್ರ ಮಾತ್ರ ನಿಲ್ಲುತ್ತದೆ. ಇಂಟರ್‌ನೆಟ್ ಅಂಗಡಿಯೊಂದರಿಂದ ಬರೀ ಬ್ರಾಂಜ್ ಎಂದು ಬರೆದಿದ್ದ ಸಾಮಾನು ನಮಗೆ ಬಂದಿತ್ತು. ಅದರಲ್ಲಿ ನೀರಿನಡಿ ಹಾಕಿದ್ದ ಪಟ್ಟಿಯ ಮೇಲೆ ಕೆಲವೇ ಹಂಗಾಮಿನಲ್ಲಿ ಗುಲಾಬಿ ಬಣ್ಣದ ಮಚ್ಚೆ ಎದ್ದವು. ಬಿಚ್ಚಿ ದಾರದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಠಣ್ ಎನ್ನಬೇಕಾದದ್ದು ಮಂಕಾಗಿ ಸದ್ದು ಮಾಡಿತು. ಅಂಗಡಿಯವರಿಗೆ ಮಿಶ್ರಲೋಹದ ಸಂಖ್ಯೆ ಕೇಳಿದರೆ ಉತ್ತರವೇ ಬರಲಿಲ್ಲ. ಒಳ್ಳೆಯ ತಯಾರಕರು ಆ ಸಂಖ್ಯೆಯನ್ನು ಕೇಳುವ ಮೊದಲೇ ಹೇಳುತ್ತಾರೆ. ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಕಾಣದ ಮೂಲೆಯಲ್ಲಿ ಅರದಿಂದ ಒಂದು ಗೀರು ಹಾಕಿ: ಸಿಲಿಕಾನ್ ಬ್ರಾಂಜ್ ಕೆಂಪು ಛಾಯೆ ತೋರಿಸುತ್ತದೆ, ಸತು ಹೆಚ್ಚಿದ್ದರೆ ಹಳದಿ.

ಚುಕ್ಕಾಣಿಯ ಗಜನ್ ಸಿದ್ಧವಾಗಿ ಸಿಗದೆ ಒಂದು ಫೌಂಡ್ರಿಯಲ್ಲಿ ಹೊಯ್ಯಿಸಿದೆವು. ಅವರು ಹಳೆಯ ತುಂಡನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರು. ಕರಗಿದ ಕಂಚು ತಣಿಯುವಾಗ ಕುಗ್ಗುತ್ತದೆ, ಅಡಿಗೆ ಸುಮಾರು 3/16 ಇಂಚು. ಸವೆದ ತುಂಡಿನ ಅಚ್ಚಿನಲ್ಲಿ ಹೊಯ್ದದ್ದು ಸವೆದ ಅಳತೆಗಿಂತಲೂ ಚಿಕ್ಕದಾಗಿ ಬಂತು. ಕ್ಲೀಟ್ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಜನ್‌ನ ಎರಡು ತೋಳುಗಳು ದೋಣಿಯ ಹಿಂಭಾಗದ ದಿಮ್ಮಿಯನ್ನು ಅಪ್ಪಿ ಕೂರಬೇಕು, ಅಲ್ಲಿ ಕೂದಲೆಳೆಯೂ ಲೆಕ್ಕ. ಎರಡನೇ ಸಲ ಭಾವ ಮರದಲ್ಲಿ ಹೊಸ ಮಾದರಿ ಕೆತ್ತಿದರು. ಕುಗ್ಗುವಿಕೆಗೆ ಅಷ್ಟು ಸೇರಿಸಿ, ಪಿನ್ನಿನ ರಂಧ್ರ ಕೊರೆದು ನುಣುಪು ಮಾಡುವಲ್ಲಿ ಇನ್ನಷ್ಟು ದಪ್ಪ ಬಿಟ್ಟು, ಮರಳಿನಿಂದ ಸಲೀಸಾಗಿ ಮೇಲೇಳಲೆಂದು ಬದಿಗಳಿಗೆ ಸ್ವಲ್ಪ ಓರೆ ಕೊಟ್ಟರು. ಆ ಗಜನ್ ಇವತ್ತಿಗೂ ಒಂದಿಷ್ಟೂ ಅಲ್ಲಾಡದೆ ಕೂತಿದೆ. ಫೌಂಡ್ರಿಗೆ ಹೋಗುವವರು ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಕುಗ್ಗುವಿಕೆಗೆ ಲೆಕ್ಕ ಹಾಕುವವರು ಯಾರು, ನೀವೋ ನಾವೋ ಎಂಬುದು. ಹಾಯಿ ಕಟ್ಟುವ ಕೂವೆಮರವನ್ನು ಹಿಡಿದು ನಿಲ್ಲಿಸುವ ಲೋಹದ ಪಟ್ಟಿಗಳಾದ ಚೈನ್‌ಪ್ಲೇಟ್‌ಗಳನ್ನು ಮಾತ್ರ ಎರಕದಲ್ಲಿ ಮಾಡಿಸಬೇಡಿ. ಎರಕದೊಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆ ಇರಬಹುದು. ಅವಕ್ಕೆ ಉರುಳೆಯಲ್ಲಿ ಒತ್ತಿದ ಸಿಲಿಕಾನ್ ಬ್ರಾಂಜ್ ಪಟ್ಟಿಯೇ ಸರಿ.

ಸ್ಕ್ರೂ ತೊಂದರೆ ಕೊಡಲಿಲ್ಲ. ಬ್ರಿಸ್ಟಲ್‌ನ ಜೇಮ್ಸ್‌ಟೌನ್ ಡಿಸ್ಟ್ರಿಬ್ಯೂಟರ್ಸ್‌ನಲ್ಲಿ ಸಿಲಿಕಾನ್ ಬ್ರಾಂಜ್ ಸ್ಕ್ರೂ ಬೇಕಾದಷ್ಟು. ಹೊಸ ಕಂಚನ್ನು ಉಳಿದಿದ್ದ ಸ್ಟೀಲ್ ಸ್ಕ್ರೂಗಳಿಂದ ಬಿಗಿಯಬೇಡಿ, ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ನೀರು ಇಳಿಯದಂತೆ ಸಾಮಾನಿನ ಕೆಳಗೆ ಹಚ್ಚುವ ಮೇಣ ಬಿಚ್ಚಲು ಬರುವಂಥದ್ದಾಗಿರಲಿ. ಶಾಶ್ವತವಾಗಿ ಅಂಟುವ ಪಾಲಿಯುರೆಥೇನ್ ಹಚ್ಚಿದರೆ ಮುಂದೆ ಬಿಚ್ಚುವಾಗ ಮರದ ಸಿಬಿರೂ ಜೊತೆಗೆ ಬರುತ್ತದೆ.

ಕ್ಲೀಟ್‌ಗಳಲ್ಲಿ ಒಂದೆರಡನ್ನು ಹಳೆಯ ಸಾಮಾನಿನವರಿಂದಲೇ ಕೊಂಡೆವು. ಕನೆಟಿಕಟ್‌ನ ಮಿಡಲ್‌ಟೌನ್‌ನಲ್ಲಿದ್ದ ವಿಲ್ಕಾಕ್ಸ್ ಕ್ರಿಟೆಂಡನ್, ಬಾಸ್ಟನ್ ಕಡೆಯ ಮೆರಿಮನ್, ಎರಡೂ ಒಂದು ಕಾಲಕ್ಕೆ ದೊಡ್ಡ ಹೆಸರು. ಅವರ ಮುದ್ರೆಯಿರುವ ಕಂಚು ಇಬೇಯಲ್ಲೂ ದೋಣಿ ಒಡೆಯುವ ಯಾರ್ಡುಗಳಲ್ಲೂ ಇನ್ನೂ ಸಿಗುತ್ತದೆ. ಮುದ್ರೆ ಕಂಡ ಕೂಡಲೇ ಕೈಹಾಕದೆ ಬೋಲ್ಟಿನ ರಂಧ್ರಗಳ ನಡುವಿನ ಅಂತರ ಕೇಳಿ. ಆ ಅಂತರ ಹೊಂದಿದರೆ ನೂರು ವರ್ಷ ಹಳೆಯ ಡೆಕ್ಕಿಗೆ ಹೊಸ ತೂತು ಕೊರೆಯಬೇಕಿಲ್ಲ. ನನಗಂತೂ ಅಂಥ ಹಳೆಯ ತುಂಡು ಹೊಸ ಎರಕಕ್ಕಿಂತ ಒಂದು ತೂಕ ಹೆಚ್ಚು.

ಕೊರತೆಯೆಂದರೆ ಬೆಲೆ ಮತ್ತು ಕಾಯುವಿಕೆ. ಅದೇ ಅಳತೆಯ ಸ್ಟೀಲ್ ಕ್ಲೀಟ್‌ಗಿಂತ ಕಂಚಿನದಕ್ಕೆ ಹಲವು ಪಟ್ಟು ಕೊಡಬೇಕು. ಈ ತಯಾರಕರು ಸಣ್ಣ ಪ್ರಮಾಣದಲ್ಲಿ ಹೊಯ್ಯುವವರು, ಒಂದು ಅಚ್ಚಿಗೆ ಸಾಕಷ್ಟು ಆರ್ಡರ್ ಕೂಡುವವರೆಗೆ ಕಾಯಬೇಕಾಗಬಹುದು. ವಸಂತದಲ್ಲಿ ದೋಣಿ ಇಳಿಸುವವರು ಶರತ್ಕಾಲದಲ್ಲೇ ಆರ್ಡರ್ ಕೊಡುವುದು ಲೇಸು. ಪಾಲಿಶ್ ಮಾಡಿದ್ದಕ್ಕೆ ಹೆಚ್ಚು ಕೇಳುತ್ತಾರೆ, ನಾವು ತೆಗೆದುಕೊಂಡಿಲ್ಲ. ಮೊದಲ ಬೇಸಿಗೆಯಲ್ಲೇ ಹೊಳಪು ಹೋಗಿ ಕಂದು ಬಣ್ಣ ತಿರುಗುತ್ತದೆ, ಅಂಚಿನಲ್ಲಿ ಸ್ವಲ್ಪ ಹಸಿರು ಕಿಲುಬು ಹಿಡಿಯುತ್ತದೆ, ಅದರಿಂದ ಲೋಹಕ್ಕೇನೂ ಹಾನಿಯಿಲ್ಲ. ಉಜ್ಜುವ ಪೇಸ್ಟ್ ಸುತ್ತಲಿನ ವಾರ್ನಿಶ್ ಮೇಲೆ ಕಲೆ ಮಾಡುವುದೇ ಹೆಚ್ಚು.

ಇನ್ನು ಉಳಿದಿರುವುದು ಹಿಂಬದಿಯಲ್ಲಿ ದೊಡ್ಡ ಹಾಯಿಯ ಹಗ್ಗ ಅತ್ತಿತ್ತ ಸರಿಯುವ ಕಂಚಿನ ಸರಳು. ಮೂಲದ್ದು ಒಂದು ಕಡೆ ಬಾಗಿದೆ, ಕೆಲಸವನ್ನು ಮಾತ್ರ ಸರಿಯಾಗಿಯೇ ಮಾಡುತ್ತಿದೆ. ಅದನ್ನು ಬಿಸಿ ಮಾಡಿ ನೇರ ಮಾಡುವುದೋ ಹೊಸ ಸರಳು ಬಾಗಿಸುವುದೋ ಎಂದು ಭಾವನೂ ನಾನೂ ಇನ್ನೂ ಮಾತಾಡುತ್ತಿದ್ದೇವೆ. ಹೆರೆಶಾಫ್ ಸರಳು ಬದಲಿಸಿದ ಅನುಭವ ಇರುವವರು ಅದರ ವ್ಯಾಸ, ಬುಡದ ಬೋಲ್ಟಿನ ಅಳತೆ ಎರಡನ್ನೂ ದಯವಿಟ್ಟು ತಿಳಿಸಿ.