ಬಿಚ್ಚದ ಎಂಜಿನ್ನಿಗೆ ಕಾಯಿಲ್ ಬದಲಿಸಿದ ಬಿಲ್: ಬ್ಯಾಟರಿ ಚಾರ್ಜ್ ಆಗದ ಬೈಕ್ ಇರುವವರು ಎಚ್ಚರದಿಂದಿರಿ

ಎಂಜಿನ್ ಕವರ್ ಬಿಚ್ಚದೆಯೇ, ಅದರೊಳಗಿನ ಮ್ಯಾಗ್ನೆಟ್ ಕಾಯಿಲ್ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ತಂತಿ ಸುರುಳಿ) ಬದಲಿಸಿದ್ದೇವೆ ಎಂದು ಬಿಲ್ ಬರೆದು ನನ್ನಿಂದ ಹಣ ಪಡೆದಿದ್ದಾರೆ. ಇದು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ನಡೆದದ್ದು. ದೂರು ವಿಚಾರಣೆಯಲ್ಲಿರುವುದರಿಂದ ಹೆಸರು ಬರೆಯುತ್ತಿಲ್ಲ. ಆದರೆ ನಡೆದದ್ದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ.

ಮಳೆಗಾಲ ಶುರುವಾದ ಮೇಲೆ ಬೈಕಿನ ಸೆಲ್ಫ್ ಎಳೆಯುವುದು ನಿಂತಿತು. ಕಿಕ್ಕರ್ ಇಲ್ಲದ ಬೈಕ್ ಆದ್ದರಿಂದ ತಳ್ಳಿಯೇ ಚಾಲೂ ಮಾಡಬೇಕು. ಗ್ಯಾರೇಜಿನವರು ಹಾರ್ನ್ ಒತ್ತಿ ನೋಡಿ, "ಬ್ಯಾಟರಿ ಹೋಗಿದೆ ಸರ್" ಎಂದರು. ಹೊಸ ಬ್ಯಾಟರಿ ಹಾಕಿಸಿದೆ. ಹಳೆಯ ಬ್ಯಾಟರಿಗೆ ಸಾಮಾನ್ಯವಾಗಿ ಎಲ್ಲರೂ ಬಿಲ್ಲಿನಲ್ಲಿ ಒಂದಿಷ್ಟು ಕಳೆಯುತ್ತಾರೆ, ಇವರು ಅದನ್ನೂ ಕಳೆಯಲಿಲ್ಲ. ಕೆಲವೇ ದಿನಗಳಲ್ಲಿ ಹೊಸ ಬ್ಯಾಟರಿಯೂ ಮಲಗಿತು. ಆಗ "ಆರ್‌ಆರ್ ಯೂನಿಟ್ ಹೋಗಿದೆ" ಎಂದರು. ಕಾಯಿಲ್ ಕೊಡುವ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ಭಾಗ ಅದು. ಅದೂ ಹೊಸದಾಯಿತು. ಮತ್ತೆ ಅದೇ ಕಥೆಯಾದಾಗ "ಕಾಯಿಲ್ ಸುಟ್ಟಿದೆ ಸರ್, ಇನ್ನು ಅದೊಂದೇ ಉಳಿದಿರೋದು" ಎಂದರು. ಇಷ್ಟೆಲ್ಲದರ ನಡುವೆ ಒಮ್ಮೆಯೂ, ಒಂದೇ ಒಂದು ಸಲವೂ, ಅವರ ಕೈಯಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕಾಣಲಿಲ್ಲ. ಗೋಡೆಯ ಮೊಳೆಯಲ್ಲಿ ಅದು ನೇತಾಡುತ್ತಲೇ ಇತ್ತು.

ಕಾಯಿಲ್ ಬದಲಿಸಿದ ಮೇಲೂ ತೀರ್ಥಹಳ್ಳಿ ದಾರಿಯಲ್ಲಿ, ಮಳೆಯಲ್ಲಿ, ರಾತ್ರಿ ಹೆಡ್‌ಲೈಟ್ ಮಂಕಾಗುತ್ತಾ ಬಂದು ಬೈಕ್ ನಿಂತಿತು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಸದಾ ಉರಿಯಲೇಬೇಕಾಗಿರುವುದರಿಂದ, ಲೈಟ್ ಆರಿಸಿ ಹೇಗೋ ಮನೆ ಸೇರೋಣವೆಂದರೆ ಸ್ವಿಚ್ಚೂ ಇಲ್ಲ. ಹೆಂಡತಿಯನ್ನು ರಸ್ತೆ ಬದಿಯಲ್ಲಿ ನೆನೆಯಲು ನಿಲ್ಲಿಸಿ, ಲಾರಿಗಳು ನೀರು ಎರಚಿಕೊಂಡು ಹೋಗುವಾಗ ಬೈಕ್ ತಳ್ಳಿದ ಅವಮಾನವನ್ನು ನಾನು ಮರೆಯಲಾರೆ.

ಮರುದಿನ ತೀರ್ಥಹಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುವ ಹಿರಿಯರೊಬ್ಬರು ಮೊದಲು ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿದರು. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ತಿರುವಿ, ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿದರು. ಹದಿನಾಲ್ಕರ ಆಸುಪಾಸು ತೋರಿಸಬೇಕಾದ ಮೀಟರ್ 12.3 ವೋಲ್ಟ್‌ನಲ್ಲೇ ನಿಂತಿತ್ತು. ಆಮೇಲೆ ಕಾಯಿಲ್‌ನಿಂದ ಬರುವ ಮೂರು ಹಳದಿ ವೈರುಗಳ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿ, ಮೀಟರನ್ನು ಎಸಿ ವೋಲ್ಟೇಜ್ ಅಳೆಯುವ ಕಡೆಗೆ ತಿರುಗಿಸಿ, ಎರಡೆರಡು ವೈರುಗಳ ನಡುವೆ ಅಳೆದರು. ಮೂರು ಜೋಡಿಯಲ್ಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಬಂತು, ಆಕ್ಸಿಲರೇಟರ್ ಕೊಟ್ಟಂತೆ ಅದು ಒಂದೇ ಸಮನೆ ಏರಿತು. ಎಂಜಿನ್ ಆಫ್ ಮಾಡಿ ನೋಡಿದಾಗ ಯಾವ ಹಳದಿ ವೈರೂ ಬೈಕಿನ ಲೋಹದ ಬಾಡಿಯ ಜೊತೆ ಶಾರ್ಟ್ ಆಗಿರಲಿಲ್ಲ. "ಕಾಯಿಲ್ ಚೆನ್ನಾಗಿಯೇ ಇದೆ" ಎಂದರು. ಹೊಸದಲ್ಲವೇ, ಇರಲೇಬೇಕು ಎಂದುಕೊಂಡೆ.

ಆಗ ಅವರು ಬಿಚ್ಚಿದ ಕಪ್ಲರನ್ನು ನನ್ನ ಕಣ್ಣ ಮುಂದೆ ಹಿಡಿದರು. ಒಂದು ಪಿನ್ ಕಪ್ಪಗೆ ಸುಟ್ಟು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಕಂದು ಬಣ್ಣದ ಗಂಟಾಗಿತ್ತು. ನೀರು ಇಳಿದು ಪಿನ್ ತುಕ್ಕು ಹಿಡಿದು, ಸಡಿಲವಾಗಿ, ಕರೆಂಟ್ ಹರಿಯುವಾಗ ಕಾದು ಕಾದು ಸುಟ್ಟಿತ್ತು. ಮೂರರಲ್ಲಿ ಒಂದು ವೈರಿನ ದಾರಿ ಕಡಿದ ಮೇಲೆ ಬ್ಯಾಟರಿಗೆ ಸಾಕಷ್ಟು ಚಾರ್ಜ್ ಎಲ್ಲಿಂದ ಬರಬೇಕು? ಗಮನಿಸಿ, ಈ ಕಪ್ಲರ್ ಕೂರುವುದೇ ಆರ್‌ಆರ್ ಯೂನಿಟ್‌ಗೆ. ಯೂನಿಟ್ ಬದಲಿಸಿದವರು ಇದನ್ನು ಕೈಯಲ್ಲಿ ಹಿಡಿದೇ ಕಿತ್ತಿದ್ದಾರೆ, ಸುಟ್ಟಿದ್ದನ್ನು ನೋಡಿದ್ದಾರೆ, ಅದನ್ನೇ ಹೊಸ ಯೂನಿಟ್‌ಗೆ ಒತ್ತಿ ಕೂರಿಸಿದ್ದಾರೆ!

"ಕಾಯಿಲ್ ಹೊಸದು ಅಂದ್ರಲ್ಲ, ಯಾವಾಗ ಹಾಕಿಸಿದ್ರಿ?" ಎಂದು ಆ ಹಿರಿಯರು ಕೇಳಿದರು. ಹೇಳಿದೆ. ಅವರು ಮಾತಾಡದೆ ಎಂಜಿನ್ನಿನ ಎಡಗಡೆಯ ಕವರ್‌ಗೆ ಟಾರ್ಚ್ ಹಿಡಿದರು. ಅಲೆನ್ ಕೀ ಹಾಕುವ ಕುಳಿಗಳಲ್ಲಿ ಕೆಂಪು ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಸೂಜಿಯಿಂದ ಕೆರೆದು ತೋರಿಸಿದರು. ಆ ಕುಳಿಗಳಿಗೆ ಕೀ ಇಳಿದು ವರ್ಷಗಳೇ ಆಗಿದ್ದವು. ನನ್ನ ಬೈಕಿನಲ್ಲಿ ಕಾಯಿಲ್ ಇರುವುದು ಆ ಕವರಿನ ಒಳಗೆ, ಎಂಜಿನ್ ಆಯಿಲ್ ಇರುವ ಜಾಗದಲ್ಲಿ. ಕವರ್ ತೆಗೆದರೆ ಆಯಿಲ್ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಬೇಕು, ಆಯಿಲ್ ಹಾಕಬೇಕು. ಬಿಲ್ ತೆಗೆದು ನೋಡಿದರೆ ಅದರಲ್ಲಿ ಗ್ಯಾಸ್ಕೆಟ್ಟೂ ಇಲ್ಲ, ಆಯಿಲ್ಲೂ ಇಲ್ಲ. "ಮ್ಯಾಗ್ನೆಟ್ ಕಾಯಿಲ್" ಎಂಬ ಒಂದು ಸಾಲು ಮತ್ತು ಕೂಲಿ, ಅಷ್ಟೆ. ಆ ಕ್ಷಣದಲ್ಲಿ ಮೈಯೆಲ್ಲ ಉರಿದುಹೋಯಿತು.

ಫೋನ್ ಮಾಡಿದೆ. ಮೊದಲ ಉತ್ತರ: "ಹುಡುಗ ಹಾಕಿದ್ದು ಸರ್, ಕೇಳಿ ಹೇಳ್ತೀನಿ." ಹಳೆಯ ಕಾಯಿಲ್ ಎಲ್ಲಿ ಎಂದರೆ, "ಗುಜರಿಗೆ ಹೋಯ್ತು." ಬೋಲ್ಟ್‌ಗಳ ಫೋಟೊ ಕಳುಹಿಸಿದೆ. "ಮಣ್ಣು ಹೊಸದಾಗಿ ಕೂತಿರಬಹುದು ಸರ್, ಮಳೆಗಾಲ ಅಲ್ವಾ." ಗ್ಯಾಸ್ಕೆಟ್ ಎಲ್ಲಿ ಎಂದು ಕೇಳಿದ್ದಕ್ಕೆ, "ಇಷ್ಟು ವರ್ಷದಿಂದ ಬರ್ತಿದ್ದೀರಿ, ನಂಬಿಕೆ ಇಲ್ದಿದ್ರೆ ಬೇರೆ ಕಡೆ ತೋರಿಸ್ಕೊಳ್ಳಿ" ಎಂದು ಫೋನ್ ಇಟ್ಟರು. ವರ್ಷಗಟ್ಟಲೆ ಹೋದ ಗಿರಾಕಿಗೆ ಸಿಕ್ಕ ಮರ್ಯಾದೆ ಇದು.

ತೀರ್ಥಹಳ್ಳಿಯವರು ಸುಟ್ಟ ಭಾಗ ಕತ್ತರಿಸಿ, ಹೊಸ ಕಪ್ಲರ್ ಹಾಕಿ, ಯೂನಿಟ್‌ನ ಪಿನ್‌ಗಳನ್ನು ಉಜ್ಜಿ, ಅರ್ಥ್ ವೈರಿನ ತುಕ್ಕು ತೆಗೆದರು. ಮೀಟರ್ 14.2 ತೋರಿಸಿತು. ಅವರು ಪಡೆದ ಹಣ ಒಂದು ಹೊತ್ತಿನ ಪೆಟ್ರೋಲಿಗೂ ಸಾಲದು.

ನಿಮ್ಮ ಬೈಕಿಗೂ ಹೀಗಾದರೆ, ಎಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜ್ ಅಳೆದು ತೋರಿಸುವವರೆಗೆ ಯಾವ ಭಾಗಕ್ಕೂ ಒಪ್ಪಬೇಡಿ. ಮೀಟರ್ ಹಿಡಿಯದ ಗ್ಯಾರೇಜಿನಿಂದ ಬೈಕ್ ತಳ್ಳಿಕೊಂಡಾದರೂ ಹೊರಗೆ ಬನ್ನಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಗುಜರಿಗೆ ಹೋಯ್ತು ಎಂಬ ಮಾತನ್ನು ಒಪ್ಪಲೇಬೇಡಿ. ಬಿಲ್ ಎಸೆಯಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ ಮತ್ತು ಫೋಟೊ ಸಮೇತ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಗ್ಯಾರೇಜಿನಿಂದ ಬಂದ ಸಂದೇಶ: "ಬನ್ನಿ ಸರ್, ಕಾಯಿಲ್ ದುಡ್ಡಲ್ಲಿ ಅರ್ಧ ಕೊಡ್ತೀವಿ, ದೂರು ವಾಪಸ್ ತಗೊಳ್ಳಿ." ಹಾಕದ ಕಾಯಿಲ್‌ಗೆ ಅರ್ಧ ಹಣ ಏಕೆ ಬಿಡಬೇಕೆಂದು ಕೇಳಿದ್ದೇನೆ. ಪೂರ್ತಿ ಹಣ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.